ತಾತ ಸುಳ್ಳು ಹೇಳಿರಲಿಲ್ಲ: ಹಳೇ ಯುದ್ಧವಿಮಾನದ ಮೂತಿ ಉಳಿಸುವವರ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ಸಣ್ಣ ತಿದ್ದುಪಡಿ ಮಾಡಲಾಗಿದೆ.)

ಇವತ್ತಿನ ಸಂಚಿಕೆಯಲ್ಲಿ ಷೇರು ಇಲ್ಲ, ಟ್ಯಾಕ್ಸ್ ಇಲ್ಲ, ಇಎಂಐ ಇಲ್ಲ. ಸ್ವಲ್ಪ ವಿಚಿತ್ರವಾದ ಒಂದು ಹವ್ಯಾಸದ ಬಗ್ಗೆ ಮಾತಾಡೋಣ. ಹಳೇ ಯುದ್ಧವಿಮಾನಗಳ ಮೂತಿ ಮಾತ್ರ, ಅಂದ್ರೆ ಪೈಲಟ್ ಕೂರುವ ಕಾಕ್‌ಪಿಟ್ ಇರೋ ಮುಂಭಾಗ ಮಾತ್ರ, ಮನೆಗೆ ತಂದು ವರ್ಷಗಟ್ಟಲೆ ಕೂತು ರಿಪೇರಿ ಮಾಡೋ ಜನರಿದ್ದಾರೆ. ಗ್ಯಾರೇಜಿನಲ್ಲಿ ಕಾರು ಇರಬೇಕಾದ ಜಾಗದಲ್ಲಿ ಜೆಟ್ ವಿಮಾನದ ತಲೆ ಇಟ್ಟುಕೊಂಡಿರುವವರು. ಅವರ ಕಥೆ ಇದು. ಅದರ ಜೊತೆ ನಮ್ಮ ತಾತನ ಕಥೆಯೂ ಸೇರಿಕೊಂಡಿದೆ, ಅದನ್ನ ಹೇಳದೆ ಇದನ್ನ ಹೇಳೋಕೆ ಆಗಲ್ಲ.

ನಮ್ಮ ತಾತ ಎಚ್‌ಎಎಲ್‌ನಲ್ಲಿ ಕೆಲಸ ಮಾಡಿದವರು. ಆಗಿನ ಹೆಸರು ಹಿಂದೂಸ್ತಾನ್ ಏರ್‌ಕ್ರಾಫ್ಟ್. 1950ರ ದಶಕದಲ್ಲಿ ಸೇರಿದ್ದು, ಮರಗೆಲಸದ ವಿಭಾಗದಲ್ಲಿ. ಮದುವೆ ಮನೆ, ನಾಮಕರಣ, ಎಲ್ಲೇ ನೆಂಟರು ಸೇರಲಿ, ಅವರು ಒಂದು ಮಾತು ಹೇಳೋರು: "ನಾನು ಜೆಟ್ ವಿಮಾನಕ್ಕೆ ಮರ ಅಂಟಿಸ್ತಿದ್ದೆ."

ನಾನು ಆಗ ಸೆಕೆಂಡ್ ಪಿಯು. ಕಾಮರ್ಸ್ ತಗೊಂಡಿದ್ರೂ ಎಲ್ಲಾ ಗೊತ್ತು ಅನ್ನೋ ವಯಸ್ಸು. ಒಂದು ಗೃಹಪ್ರವೇಶದಲ್ಲಿ ಊಟಕ್ಕೆ ಕೂತಿದ್ದಾಗ ಎಲ್ಲರ ಮುಂದೆ ಕೇಳಿದೆ: "ತಾತ, ಜೆಟ್ ವಿಮಾನಕ್ಕೆ ಮರನಾ? ಬೆಂಕಿ ಹತ್ಕೊಳ್ಳಲ್ವಾ? ಚೇರು ಗೀರು ಮಾಡಿರ್ತೀಯ ಬಿಡು." ಪಂಕ್ತಿಯಲ್ಲಿ ಕೂತಿದ್ದವರೆಲ್ಲ ನಕ್ಕರು. ತಾತನೂ ನಕ್ಕರು. ಆಮೇಲೆ ನನ್ನ ಮುಂದೆ ಆ ಮಾತು ಅವರು ಯಾವತ್ತೂ ಎತ್ತಲಿಲ್ಲ. 2019ರಲ್ಲಿ ತೀರಿಕೊಂಡರು.

ಇದನ್ನ ಇಲ್ಲಿಗೆ ಬಿಟ್ಟು ಇಂಗ್ಲೆಂಡಿಗೆ ಹೋಗೋಣ.

ಬರೀ ಮೂತಿ ಯಾಕೆ?

ಎರಡು ವರ್ಷದ ಹಿಂದೆ ನಮ್ಮ ದೊಡ್ಡಮ್ಮನ ಮಗಳ ಮನೆಗೆ ಹೋಗಿದ್ದೆ. ಅಕ್ಕ ಇರೋದು ನಾಟಿಂಗ್‌ಹ್ಯಾಮ್ ಹತ್ತಿರ. ಭಾವ ಒಂದು ದಿನ "ಬಾ, ಪಕ್ಕದಲ್ಲೇ ಏರ್ ಮ್ಯೂಸಿಯಂ ಇದೆ, ನೋಡ್ಕೊಂಡು ಬರೋಣ" ಅಂದ್ರು. ನ್ಯೂವಾರ್ಕ್ ಅನ್ನೋ ಊರು, ಅದರ ಪಕ್ಕ ವಿಂಥಾರ್ಪ್ ಅನ್ನೋ ಹಳೇ ವಾಯುನೆಲೆ. ಎರಡನೇ ಮಹಾಯುದ್ಧದ ಕಾಲದ ಏರ್‌ಫೀಲ್ಡ್ ಅದು. ಅಲ್ಲೇ ನ್ಯೂವಾರ್ಕ್ ಏರ್ ಮ್ಯೂಸಿಯಂ. ಹವ್ಯಾಸಿಗಳು ತಮ್ಮ ತಮ್ಮ ಕಾಕ್‌ಪಿಟ್‌ಗಳನ್ನ ಟ್ರೇಲರ್ ಮೇಲೆ ಹೇರಿಕೊಂಡು ಬಂದು ಸಾಲಾಗಿ ನಿಲ್ಲಿಸುವ ಒಂದು ಜಾತ್ರೆ ಅಲ್ಲಿ ನಡೆಯುತ್ತೆ, ಹೆಸರು ಕಾಕ್‌ಪಿಟ್-ಫೆಸ್ಟ್. ನಮ್ಮ ಕಡೆ ದನಗಳ ಜಾತ್ರೆಯಲ್ಲಿ ಎತ್ತುಗಳನ್ನ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ ನಿಲ್ಲಿಸ್ತಾರಲ್ಲ, ಹಾಗೇ. ಪಕ್ಕದಲ್ಲಿ ಮಡಚುವ ಕುರ್ಚಿ ಹಾಕ್ಕೊಂಡು ಫ್ಲಾಸ್ಕಿನ ಟೀ ಕುಡೀತಾ ಮಾಲೀಕರು. ಕೇಳಿದರೆ ಸಾಕು, ಒಂದು ಗಂಟೆ ಬಿಡಲ್ಲ.

ನನ್ನ ಮೊದಲ ಪ್ರಶ್ನೆ, ಬರೀ ಮೂತಿ ಯಾಕೆ? ಉತ್ತರ ತುಂಬಾ ಸರಳ. ಜಾಗ. ಅದೇ ಮ್ಯೂಸಿಯಂನಲ್ಲಿ ಒಂದು ವಲ್ಕನ್ ಬಾಂಬರ್ ಇದೆ. ಅದರ ರೆಕ್ಕೆಯ ಅಗಲ ಸುಮಾರು 34 ಮೀಟರ್. ಅಂದ್ರೆ ನೂರು ಅಡಿಗೂ ಜಾಸ್ತಿ. 30-40 ಸೈಟಿನ ಮೂರು ಮನೆ ಅಕ್ಕಪಕ್ಕ ಇಟ್ಟರೂ ಸಾಲದು. ಅದೇ ಒಂದು ಕಾಕ್‌ಪಿಟ್ ಆದರೆ ಕಾರಿನ ಶೆಡ್ಡಿನಲ್ಲಿ ಹಿಡಿಸುತ್ತೆ, ಟ್ರೇಲರ್ ಮೇಲೆ ರಸ್ತೆಯಲ್ಲಿ ಸಾಗಿಸಬಹುದು.

ಎರಡನೇ ಕಾರಣ, ಗುಜರಿಯವರು ಕತ್ತರಿಸುವ ರೀತಿ. ವಾಯುಪಡೆಯಿಂದ ನಿವೃತ್ತಿಯಾದ ವಿಮಾನ ಮೊದಲು ಬಿಡಿಭಾಗಕ್ಕೆ ಬಿಚ್ಚಿಸಿಕೊಳ್ಳುತ್ತೆ. ಇಲ್ಲಾಂದ್ರೆ ಬೆಂಕಿ ನಂದಿಸುವ ತರಬೇತಿಗೆ ಬಲಿಯಾಗುತ್ತೆ. ಉಳಿದಿದ್ದು ಗುಜರಿಗೆ. ಅಲ್ಲಿ ಅಲ್ಯೂಮಿನಿಯಂ ಕೆಜಿ ಲೆಕ್ಕ. ಆದರೆ ಮೂತಿಯನ್ನ ಬೇರೆಯಾಗಿ ಕತ್ತರಿಸಿಟ್ಟರೆ, ಕೊಳ್ಳೋಕೆ ಒಬ್ಬ ಹುಚ್ಚ ಬಂದೇ ಬರ್ತಾನೆ ಅಂತ ಅಲ್ಲಿನ ಗುಜರಿಯವರಿಗೆ ಗೊತ್ತಾಯ್ತು. ಕ್ಯಾನ್‌ಬೆರಾ ಅನ್ನೋ ಬಾಂಬರ್‌ನ ಮೂತಿಗಳು ಹಾಗೇ ತುಂಬಾ ಉಳಿದಿವೆ. ಬ್ರಿಟನ್ನಿನಲ್ಲೇ ಸುಮಾರು 900 ಕ್ಯಾನ್‌ಬೆರಾ ತಯಾರಾಗಿತ್ತು. ನಮ್ಮ ವಾಯುಪಡೆಯೂ 1957ರಿಂದ 2007ರ ತನಕ, ಪೂರ್ತಿ 50 ವರ್ಷ ಅದನ್ನ ಹಾರಿಸಿತ್ತು. ಕಾರ್ಗಿಲ್ ಸಮಯದಲ್ಲೂ ಫೋಟೋ ತೆಗೆಯೋಕೆ ಹೋಗಿದ್ದು ಕ್ಯಾನ್‌ಬೆರಾನೇ.

ಬಿ.ಕಾಂ.ನಲ್ಲಿ ನಮಗೆ ಸವಕಳಿ ಅಂತ ಒಂದು ಪಾಠ ಇತ್ತು. ಯಂತ್ರದ ಬೆಲೆಯಿಂದ ಸ್ಕ್ರ್ಯಾಪ್ ವ್ಯಾಲ್ಯೂ ಕಳೆಯಿರಿ, ಆಯುಷ್ಯದ ವರ್ಷಗಳಿಂದ ಭಾಗಿಸಿ, ಬಂದಷ್ಟನ್ನ ಪ್ರತಿ ವರ್ಷ ಖರ್ಚಿಗೆ ಬರೀರಿ. ಕೊನೆಯ ವರ್ಷದ ಹೊತ್ತಿಗೆ ಪುಸ್ತಕದಲ್ಲಿ ಉಳಿಯೋದು ಸ್ಕ್ರ್ಯಾಪ್ ವ್ಯಾಲ್ಯೂ ಮಾತ್ರ. ಲೆಕ್ಕ ಸರಿ. ಆದರೆ ಆ ಮೈದಾನದಲ್ಲಿ ನಾನು ನೋಡಿದ್ದು, ಪುಸ್ತಕದಲ್ಲಿ ಲೆಕ್ಕ ಮುಗಿದ ಮೇಲೆ ಶುರುವಾದ ಬೆಲೆ. ಅದನ್ನ ಯಾವ ಕಾಲಂನಲ್ಲಿ ಬರೀಬೇಕು ಅಂತ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಪ್ಲೈವುಡ್ಡಿನ ಅಂಚು

ಸಾಲಿನ ಕೊನೆಯಲ್ಲಿ ಒಂದು ಸಣ್ಣ ಮೂತಿ ಇತ್ತು. ಪಕ್ಕಪಕ್ಕದಲ್ಲಿ ಇಬ್ಬರು ಕೂರುವಂಥದ್ದು. ಡಿ ಹ್ಯಾವಿಲೆಂಡ್ ವ್ಯಾಂಪೈರ್, ತರಬೇತಿ ಮಾದರಿ. ಮಾಲೀಕರು ಅರವತ್ತು ದಾಟಿದವರು, ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರಂತೆ. ಹೆಸರು ಬೇಡ ಅಂದಿದ್ದಾರೆ, ಹಾಗಾಗಿ ಯಜಮಾನರು ಅಂತ ಕರೀತೀನಿ.

ಹಿಂದುಗಡೆ, ಮೂತಿಯನ್ನ ಕತ್ತರಿಸಿದ ಜಾಗದಲ್ಲಿ, ಯಜಮಾನರು ಬಣ್ಣ ಬಳಿದಿರಲಿಲ್ಲ. ಅಂಚು ಹಾಗೇ ಕಾಣಲಿ ಅಂತ ಬಿಟ್ಟಿದ್ದರು. ನೋಡಿದೆ. ಒಂದು ತೆಳು ಪ್ಲೈವುಡ್, ಮಧ್ಯ ಹಗುರವಾದ ಬಿಳಿ ಮರ, ಮತ್ತೆ ಪ್ಲೈವುಡ್. ಸ್ಯಾಂಡ್‌ವಿಚ್ ಥರ.

"ಇದು ನೀವು ರಿಪೇರಿಗೆ ಹಾಕಿದ ಮರನಾ?" ಅಂದೆ.

"ಅಲ್ಲ. ಫ್ಯಾಕ್ಟರಿಯಿಂದ ಬಂದಿದ್ದೇ ಹೀಗೆ."

"ಇದು ಜೆಟ್ ವಿಮಾನ ತಾನೇ?"

"ಹೌದು. ಮರದ ಜೆಟ್."

ನನಗೆ ಮಾತು ಹೊರಡಲಿಲ್ಲ. ಭಾವ "ಏನಾಯ್ತೋ?" ಅಂತ ಕೇಳಿದರು. ಏನಿಲ್ಲ ಅಂದೆ.

ವಿಷಯ ಏನಂದ್ರೆ, ಡಿ ಹ್ಯಾವಿಲೆಂಡ್ ಕಂಪನಿಗೆ ಮರದ ಕೆಲಸದಲ್ಲಿ ಪಳಗಿದ ಕೈ. 1940ರಲ್ಲಿ ಮೊದಲ ಹಾರಾಟ ಮಾಡಿದ ಮಾಸ್ಕಿಟೋ ಅನ್ನೋ ಅವರ ವಿಮಾನದ ಇಡೀ ಮೈ ಮರದ್ದು. ಯುದ್ಧದ ಸಮಯದಲ್ಲಿ ಅಲ್ಯೂಮಿನಿಯಂಗೆ ಎಲ್ಲಿಲ್ಲದ ಬೇಡಿಕೆ, ಆದರೆ ಪೀಠೋಪಕರಣ ಮಾಡುವ ಬಡಗಿಗಳು ಬೇಕಾದಷ್ಟು ಇದ್ದರು. ಬರ್ಚ್ ಪ್ಲೈವುಡ್ಡಿನ ನಡುವೆ ಬಾಲ್ಸಾ ಮರ ಇಟ್ಟು, ಅಚ್ಚಿನ ಮೇಲೆ ಬಗ್ಗಿಸಿ ಅಂಟಿಸಿ, ಕಡಲೆಕಾಯಿ ಸಿಪ್ಪೆಯ ಎರಡು ಹೋಳಿನ ಹಾಗೆ ಮಾಡಿ, ಒಳಗಿನ ಕೆಲಸ ಮುಗಿಸಿ ಮುಚ್ಚಿಬಿಡೋರು. ಅದೇ ಕೈಚಳಕವನ್ನ 1943ರಲ್ಲಿ ಹಾರಿದ ವ್ಯಾಂಪೈರ್ ಜೆಟ್ಟಿಗೂ ತಂದರು. ಪೈಲಟ್ ಕೂರುವ ಮುಂಭಾಗ ಮರ. ಹಿಂದೆ ಎಂಜಿನ್ ಇರೋ ಜಾಗ, ರೆಕ್ಕೆ, ಬಾಲ ಹಿಡಿದಿರುವ ಎರಡು ತೋಳು, ಇವೆಲ್ಲ ಲೋಹ. ಹಾಗಾಗಿ "ಬೆಂಕಿ ಹತ್ಕೊಳ್ಳಲ್ವಾ" ಅನ್ನೋ ನನ್ನ ಜಾಣತನದ ಪ್ರಶ್ನೆಗೆ ಉತ್ತರ ಆ ವಿಮಾನದಲ್ಲೇ ಇತ್ತು.

ಭಾರತೀಯ ವಾಯುಪಡೆಯ ಮೊದಲ ಜೆಟ್ ವಿಮಾನ ಯಾವುದು ಗೊತ್ತಾ? ವ್ಯಾಂಪೈರ್. 1948ರಲ್ಲಿ ಬಂತು. ಆಮೇಲೆ ಲೈಸೆನ್ಸ್ ತಗೊಂಡು ಅದನ್ನ ಇಲ್ಲೇ ತಯಾರಿಸಿದರು. ಎಲ್ಲಿ? ಬೆಂಗಳೂರಿನ ಎಚ್‌ಎಎಲ್‌ನಲ್ಲಿ.

ಯಜಮಾನರಿಗೆ ತಾತನ ವಿಷಯ ಹೇಳಿದೆ. ಅವರು ಟೀ ಕಪ್ ಕೆಳಗಿಟ್ಟರು. ವಾಹ್ ಅಂತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆ. "ನಿಮ್ಮ ತಾತ ಯಾವ ಅಂಟು ಬಳಸ್ತಿದ್ರು? ಎಷ್ಟು ಹೊತ್ತು ಒತ್ತಿ ಹಿಡಿದು ಇಡ್ತಿದ್ರು? ನಿಮ್ಮ ಕಡೆ ಸೆಖೆ, ಮಳೆ. ಅಂಟು ಸೆಟ್ ಆಗೋಕೆ ಏನ್ ಮಾಡ್ತಿದ್ರು?"

ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರ ಜೊತೆ ಒಂದೇ ಮನೆಯಲ್ಲಿ ಇಪ್ಪತ್ತು ವರ್ಷ ಇದ್ದೆ. ಕೇಳಿರಲಿಲ್ಲ.

ರಿಪೇರಿ ಅಂದ್ರೆ ಏನೇನು

ಈಗ ಕೆಲಸದ ವಿಷಯಕ್ಕೆ ಬರ್ತೀನಿ. ಯಾಕಂದ್ರೆ ಇದು ಧೂಳು ಒರೆಸಿ ಪೇಂಟ್ ಹೊಡೆಯೋ ಕೆಲಸ ಅಲ್ಲ.

ಮರದ ಕಾಕ್‌ಪಿಟ್‌ಗೆ ದೊಡ್ಡ ಶತ್ರು ನೀರು. ಗಾಜಿನ ಮುಚ್ಚಳದ ರಬ್ಬರ್ ಒಣಗಿ ಬಿರುಕು ಬಿಟ್ಟರೆ, ಅಲ್ಲಿಂದ ಮಳೆನೀರು ಒಳಗಿಳಿದು ತಳದಲ್ಲಿ ನಿಲ್ಲುತ್ತೆ. ಹೊರಗಿನಿಂದ ನೋಡಿದರೆ ಬಣ್ಣ ಚೆನ್ನಾಗೇ ಇರುತ್ತೆ. ಬೆರಳಿಂದ ಒತ್ತಿದರೆ ನೆನೆದ ಬಿಸ್ಕತ್ತು. ಕೊಳೆತದ್ದನ್ನ ಉಳಿಯಿಂದ ಕೆತ್ತಿ ತೆಗೆದು, ಒಳ್ಳೆ ಮರ ಸಿಗುವ ತನಕ ಹೋಗಿ, ಅಂಚನ್ನ ಓರೆಯಾಗಿ ಸವೆಸಿ, ಹೊಸ ತುಂಡನ್ನೂ ಅದೇ ಓರೆಗೆ ಸವೆಸಿ ಕೂರಿಸಬೇಕು. ನೇರವಾಗಿ ಕತ್ತರಿಸಿ ಇಟ್ಟರೆ ಅಂಟಿಗೆ ಹಿಡಿತ ಸಾಲದು. ಒಂದು ಅಂಗೈ ಅಗಲದ ತೇಪೆಗೆ ವಾರಗಟ್ಟಲೆ.

ಲೋಹದ ಕಾಕ್‌ಪಿಟ್ ಆದರೆ ಬೇರೆ ರೋಗ. ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಬರುತ್ತೆ. ಸ್ಟೀಲ್ ಬೋಲ್ಟು ಅಲ್ಯೂಮಿನಿಯಂ ತಗಡಿಗೆ ತಾಗಿಕೊಂಡು, ಜೊತೆಗೆ ತೇವ ಸೇರಿದರೆ ತಗಡು ತಿಂದು ಹೋಗುತ್ತೆ. ಹಳೇ ಪ್ರೈಮರ್‌ನಲ್ಲಿ ಕ್ರೋಮೇಟ್ ಇರುತ್ತೆ, ವಿಷ. ಮಾಸ್ಕ್ ಇಲ್ಲದೆ ಉಜ್ಜಬಾರದು. ಇನ್ನು ಇಲಿ. ವರ್ಷಾನುಗಟ್ಟಲೆ ಬಯಲಲ್ಲಿ ಬಿದ್ದಿದ್ದ ಮೂತಿಯೊಳಗೆ ಇಲಿ ಸಂಸಾರ ಮಾಡಿರುತ್ತೆ, ವೈರಿನ ಮೇಲಿನ ಹೊದಿಕೆ ತಿಂದಿರುತ್ತೆ.

ಪೈಲಟ್ ತಲೆ ಮೇಲಿನ ಮುಚ್ಚಳ ಗಾಜಲ್ಲ, ಪರ್ಸ್‌ಪೆಕ್ಸ್. ಬಿಸಿಲಿಗೆ ಮಂಕಾಗುತ್ತೆ. ಮೊದಲು ಒರಟು ನೀರುಕಾಗದ, ಆಮೇಲೆ ಅದಕ್ಕಿಂತ ನುಣುಪು, ಆಮೇಲೆ ಇನ್ನೂ ನುಣುಪು, ಕೊನೆಗೆ ಪಾಲಿಷ್. ಯಾವ ಹಂತ ಬಿಟ್ಟರೂ ಗೀರು ಉಳಿಯುತ್ತೆ. ಯಜಮಾನರು ಒಂದು ಚಳಿಗಾಲ ಪೂರ್ತಿ, ಟಿವಿ ನೋಡ್ತಾ ತೊಡೆ ಮೇಲಿಟ್ಟುಕೊಂಡು ಒಂದು ಸಣ್ಣ ಪಕ್ಕದ ಕಿಟಕಿ ಉಜ್ಜಿದರಂತೆ.

ಆಮೇಲೆ ಡಯಲ್‌ಗಳು. ಗುಜರಿಗೆ ಬರುವ ಹೊತ್ತಿಗೆ ಪ್ಯಾನಲ್ಲಿನಲ್ಲಿ ಬರೀ ತೂತು ಇರುತ್ತೆ. ಒಂದೊಂದು ತೂತಿಗೂ ಸರಿಯಾದ ಉಪಕರಣ ಹುಡುಕಬೇಕು. ಇಲ್ಲಿ ಅವರಿಗೆ ದಾರಿ ತೋರಿಸೋದು ಸ್ಟೋರ್ಸ್ ನಂಬರ್. ಬ್ರಿಟಿಷ್ ವಾಯುಪಡೆಯ ಉಗ್ರಾಣದಲ್ಲಿ ಪ್ರತಿ ವಸ್ತುವಿಗೂ ವಿಭಾಗದ ಸಂಖ್ಯೆ ಇತ್ತು. 6ಎ ಅಂತ ಶುರುವಾದರೆ ವಿಮಾನದ ಉಪಕರಣ, 5ಸಿ ಅಂದರೆ ಸ್ವಿಚ್ಚು ಮುಂತಾದ ವಿದ್ಯುತ್ ಸಾಮಾನು. ಹಳೇ ಕೈಪಿಡಿಯಲ್ಲಿ ನಂಬರ್ ಹುಡುಕಿ, ಬಿಡಿಭಾಗದ ಸಂತೆಗಳಲ್ಲಿ ಅಲೆದು, ಆನ್‌ಲೈನ್ ಹರಾಜಿನಲ್ಲಿ ರಾತ್ರಿ ಎರಡು ಗಂಟೆಗೆ ಬಿಡ್ ಮಾಡಿ, ಹೀಗೆ ಒಂದೊಂದೇ ತೂತು ಮುಚ್ಚಬೇಕು. ನಮ್ಮ ಅಪ್ಪ ಹಳೇ ಲೆಡ್ಜರಿನಲ್ಲಿ ತಪ್ಪಿದ ವೋಚರ್ ಹುಡುಕ್ತಿದ್ದ ತಾಳ್ಮೆ ನೆನಪಾಯ್ತು.

ಕೆಲವರು ಕರೆಂಟೂ ಕೊಡ್ತಾರೆ. ವಿಮಾನದ ದೀಪ, ಸ್ವಿಚ್ಚುಗಳಿಗೆ 28 ವೋಲ್ಟ್ ಡಿಸಿ ಸಾಕು, ಅದು ಸುಲಭ. ಆದರೆ ಆ ಕಾಲದ ಕೆಲವು ಗೈರೋ ಉಪಕರಣಗಳಿಗೆ 115 ವೋಲ್ಟ್, 400 ಹರ್ಟ್ಜ್ ಎಸಿ ಬೇಕು. ನಮ್ಮ ಮನೆ ಕರೆಂಟು 50 ಹರ್ಟ್ಜ್. ಅದಕ್ಕೆ ಪ್ರತ್ಯೇಕ ಇನ್ವರ್ಟರ್. ಅದು ಓಡುವಾಗ ಸಣ್ಣಗೆ ಕೀರಲು ಸದ್ದು. ಯಜಮಾನರು ಸ್ವಿಚ್ ಹಾಕಿದರು, ಕೆಂಪು ದೀಪ ಹತ್ತಿತು, ಮಲಗಿದ್ದ ಗೈರೋ ನಿಧಾನಕ್ಕೆ ಎದ್ದು ನೆಟ್ಟಗಾಯಿತು. ಒಳಗೆ ಯಾರೋ ಕಣ್ಣು ಬಿಟ್ಟ ಹಾಗೆ ಅನಿಸಿತು ನನಗೆ.

ನಾನು ಮಾಡಿದ ಪೆದ್ದುತನ

ಊರಿಗೆ ಬಂದ ಮೇಲೆ ನನಗೂ ಹುಚ್ಚು ಹಿಡಿಯಿತು. ಒಂದು ಗುಜರಿ ಅಂಗಡಿಯಲ್ಲಿ ಹಳೇ ವಿಮಾನದ ಆಲ್ಟಿಮೀಟರ್ ಸಿಕ್ಕಿತು, ಎತ್ತರ ತೋರಿಸುವ ಡಯಲ್. ಮುಳ್ಳಿನ ಮೇಲೆ, ಅಂಕಿಗಳ ಮೇಲೆ ಕಂದು ತಿರುಗಿದ ದಪ್ಪ ಬಣ್ಣ. ಕ್ಲೀನ್ ಮಾಡೋಣ ಅಂತ ಅಡುಗೆಮನೆ ಕಟ್ಟೆ ಮೇಲಿಟ್ಟು, ಸ್ಕ್ರೂಡ್ರೈವರ್ ತಗೊಂಡು ಒಂದು ಸ್ಕ್ರೂ ತೆಗೆದೆ. ಎರಡನೆಯದಕ್ಕೆ ಕೈ ಹಾಕೋ ಮುಂಚೆ ಒಂದು ಫೋಟೋ ಯಜಮಾನರಿಗೆ ಕಳಿಸಿದೆ. ಎರಡು ನಿಮಿಷದಲ್ಲಿ ಉತ್ತರ ಬಂತು, "ತೆಗೀಬೇಡ. ಈಗಲೇ ಮುಚ್ಚು. ಕೈ ತೊಳ್ಕೋ."

ಅದು ರೇಡಿಯಂ. ಕತ್ತಲಲ್ಲಿ ಹೊಳೆಯಲಿ ಅಂತ ಆ ಕಾಲದ ಡಯಲ್‌ಗಳಿಗೆ ರೇಡಿಯಂ ಬೆರೆಸಿದ ಬಣ್ಣ ಹಚ್ಚುತ್ತಿದ್ದರು. ರೇಡಿಯಂನ ಅರ್ಧಾಯುಷ್ಯ ಸುಮಾರು 1,600 ವರ್ಷ. ಜೊತೆಗಿರುವ ಹೊಳೆಯುವ ಪುಡಿ ಕೆಲವೇ ದಶಕಗಳಲ್ಲಿ ಸತ್ತು ಹೋಗುತ್ತೆ. ಹಾಗಾಗಿ "ಹೊಳೀತಿಲ್ಲ, ಅಂದ್ರೆ ಏನಿಲ್ಲ" ಅನ್ನೋದು ಪೂರಾ ತಪ್ಪು. ಗಾಜು ಮುಚ್ಚಿ ಭದ್ರವಾಗಿದ್ದರೆ ಅಪಾಯ ಕಡಿಮೆ. ತೆರೆದು ಕೆರೆದರೆ ಆ ಪುಡಿ ಉಸಿರಲ್ಲಿ, ಊಟದಲ್ಲಿ ಒಳಗೆ ಹೋಗುತ್ತೆ, ಮೂಳೆಯಲ್ಲಿ ಕೂರುತ್ತೆ. 1920ರ ದಶಕದಲ್ಲಿ ಅಮೆರಿಕದಲ್ಲಿ ಗಡಿಯಾರದ ಡಯಲ್‌ಗಳಿಗೆ ಈ ಬಣ್ಣ ಹಚ್ಚುತ್ತಿದ್ದ ಹೆಣ್ಣುಮಕ್ಕಳು, ಕುಂಚದ ತುದಿಯನ್ನ ತುಟಿಯಲ್ಲಿ ಚೂಪು ಮಾಡಿಕೊಂಡು, ದವಡೆ ಕೊಳೆತು ಸತ್ತಿದ್ದಾರೆ. ನಾನು ಅದನ್ನ ಇಟ್ಟಿದ್ದು ಅಮ್ಮ ಚಪಾತಿ ಲಟ್ಟಿಸೋ ಕಟ್ಟೆ ಮೇಲೆ. ದಯವಿಟ್ಟು ಯಾರೂ ಹೀಗೆ ಮಾಡಬೇಡಿ.

ಇನ್ನೊಂದು ಅಪಾಯ, ಎಜೆಕ್ಷನ್ ಸೀಟು. ಪೈಲಟ್‌ನನ್ನ ಕುರ್ಚಿ ಸಮೇತ ಮೇಲಕ್ಕೆ ಎಸೆಯೋದು ಅದರೊಳಗಿನ ಸ್ಫೋಟಕ ಕಾಟ್ರಿಡ್ಜ್. ಅದು ಖಾಲಿಯಾಗಿದೆ ಅಂತ ತಿಳಿದವರು ನೋಡಿ ಖಾತ್ರಿ ಮಾಡದೆ ಯಾರೂ ಆ ಸೀಟಿನಲ್ಲಿ ಕೂರಬಾರದು, ಹಿಡಿ ಮುಟ್ಟಬಾರದು. ಜಾತ್ರೆಯಲ್ಲಿ ಮಕ್ಕಳನ್ನ ಕೂರಿಸೋ ಮುಂಚೆ ಮಾಲೀಕರು ಮೊದಲು ಹೇಳೋದೇ ಇದನ್ನ.

ಕುರ್ಚಿಗಳು ಹೇಳುವ ಸತ್ಯ

ಇದೆಲ್ಲ ಯುದ್ಧದ ಯಂತ್ರ. ಬಾಂಬ್ ಹಾಕೋಕೆ ಮಾಡಿದ್ದು. ಅದನ್ನ ಇಷ್ಟು ಮುದ್ದು ಮಾಡಿ ಉಳಿಸೋದು ಯಾಕೆ? ಈ ಪ್ರಶ್ನೆ ನನಗೂ ಬಂತು, ಯಜಮಾನರಿಗೂ ಕೇಳಿದೆ. ಅವರು ಬಾಯಲ್ಲಿ ಉತ್ತರ ಕೊಡಲಿಲ್ಲ. "ಹೋಗಿ ವಲ್ಕನ್ನಿನ ಸೀಟುಗಳನ್ನ ಎಣಿಸಿಕೊಂಡು ಬಾ" ಅಂದರು.

ವಲ್ಕನ್ನಿನಲ್ಲಿ ಐದು ಜನ ಸಿಬ್ಬಂದಿ. ಮುಂದೆ ಇಬ್ಬರು ಪೈಲಟ್‌ಗಳು, ಅವರಿಗೆ ಎಜೆಕ್ಷನ್ ಸೀಟು. ಹಿಂದೆ, ಸ್ವಲ್ಪ ಕೆಳಗೆ, ಕತ್ತಲಲ್ಲಿ, ಬೆನ್ನು ಮುಂದಕ್ಕೆ ಮಾಡಿ ಕೂರುವ ಮೂವರು. ಅವರಿಗೆ ಎಜೆಕ್ಷನ್ ಸೀಟಿಲ್ಲ. ಅಪಾಯ ಬಂದರೆ ನೆಲದ ಬಾಗಿಲು ತೆರೆದು ಪ್ಯಾರಾಚೂಟ್ ಕಟ್ಟಿಕೊಂಡು ಜಾರಿಕೊಳ್ಳಬೇಕು. ಎತ್ತರದಲ್ಲಿದ್ದರೆ ಸಾಧ್ಯ. ನೆಲದ ಹತ್ತಿರ ಇದ್ದರೆ?

1956ರ ಅಕ್ಟೋಬರ್ 1. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪ್ರವಾಸ ಮುಗಿಸಿ ಒಂದು ವಲ್ಕನ್ ಲಂಡನ್ನಿನ ಹೀಥ್ರೋದಲ್ಲಿ ಇಳಿಯುತ್ತಿತ್ತು. ಕೆಟ್ಟ ಹವೆ. ರನ್‌ವೇಗಿಂತ ಮುಂಚೆಯೇ ನೆಲಕ್ಕೆ ತಾಗಿತು. ಪೈಲಟ್, ಮತ್ತೆ ಸಹಪೈಲಟ್ ಸೀಟಿನಲ್ಲಿದ್ದ ಏರ್ ಮಾರ್ಷಲ್ ಹ್ಯಾರಿ ಬ್ರಾಡ್‌ಹರ್ಸ್ಟ್, ಇಬ್ಬರೂ ಎಜೆಕ್ಟ್ ಆಗಿ ಬದುಕಿದರು. ಉಳಿದ ನಾಲ್ವರೂ ಸತ್ತರು. ಅದಾದ ಮೇಲೂ ವಲ್ಕನ್ನಿನ ಹಿಂದಿನ ಮೂವರಿಗೆ ಎಜೆಕ್ಷನ್ ಸೀಟು ಬರಲೇ ಇಲ್ಲ. 1980ರ ದಶಕದಲ್ಲಿ ಸೇವೆ ಮುಗಿಸುವವರೆಗೂ ಇಲ್ಲ.

ಇದನ್ನ ಓದಿದರೆ ಒಂದು ಮಾಹಿತಿ. ಆ ಹಿಂದಿನ ಸೀಟಿನ ಮುಂದೆ ನಿಂತು, ಬಾಗಿಲು ಎಲ್ಲಿದೆ ಅಂತ ನೋಡಿದಾಗ ಅದು ಬೇರೆ. ಯಾರ ಜೀವಕ್ಕೆ ಎಷ್ಟು ಬೆಲೆ ಕಟ್ಟಿದ್ದರು ಅನ್ನೋದು ಅಲ್ಲಿ ಕುರ್ಚಿಯ ರೂಪದಲ್ಲಿ ಇದೆ. ಕಾಕ್‌ಪಿಟ್ ಉಳಿಸೋದು ಯುದ್ಧವನ್ನ ಹೊಗಳೋಕೆ ಅಂತ ನಾನೀಗ ಅಂದುಕೊಳ್ಳಲ್ಲ. ಅಲ್ಲಿ ಒಬ್ಬ ಮನುಷ್ಯ ಕೂತಿದ್ದ. ಅವನ ಮೊಣಕೈ ತಾಗಿ ಬಣ್ಣ ಸವೆದ ಜಾಗ ಇದೆ. ನಮ್ಮ ವ್ಯಾಂಪೈರ್‌ಗಳ ಕಥೆಯೂ ಅಷ್ಟೆ. 1965ರ ಸೆಪ್ಟೆಂಬರ್ 1ರ ಸಂಜೆ, ಕಾಲ ಮೀರಿದ ಆ ವಿಮಾನಗಳನ್ನ ಛಂಬ್ ಕಣಕ್ಕೆ ಕಳಿಸಿದರು. ಒಂದೇ ಸಂಜೆ ನಾಲ್ಕು ಕಳೆದುಕೊಂಡೆವು. ಆಮೇಲೆ ಅವನ್ನ ಮುಂಚೂಣಿಯಿಂದ ಹಿಂದಕ್ಕೆ ಕರೆಸಿದರು.

ಇದಕ್ಕೇ ಹವ್ಯಾಸಿಗಳಲ್ಲಿ ಒಂದು ಜಗಳ ಇದೆ. ಸವೆದ ಬಣ್ಣವನ್ನ ಹಾಗೇ ಬಿಡಬೇಕಾ, ಹೊಸದಾಗಿ ಬಳಿಯಬೇಕಾ? ಫ್ಯಾಕ್ಟರಿಯಿಂದ ಬಂದ ದಿನದ ಹಾಗೆ ಮಾಡಬೇಕಾ, ಕೊನೆ ಹಾರಾಟದ ದಿನದ ಹಾಗೆ ಮಾಡಬೇಕಾ? ಯಜಮಾನರ ಲೆಕ್ಕ ಹೀಗೆ: ಕೊಳೆಯುವುದನ್ನ ನಿಲ್ಲಿಸು, ಕಳೆದದ್ದನ್ನ ಹುಡುಕು, ಸವೆದದ್ದನ್ನ ಮುಟ್ಟಬೇಡ. ನನಗೆ ಇದು ಸರಿ ಅನಿಸುತ್ತೆ. ಹೊಸ ಬಣ್ಣ ಹೊಡೆದರೆ ಫೋಟೋ ಚೆನ್ನಾಗಿ ಬರುತ್ತೆ, ಆದರೆ ಮೊಣಕೈ ಗುರುತು ಹೋಗುತ್ತೆ.

ಬೆಂಗಳೂರು ಇದನ್ನ ಮೊದಲೇ ಮಾಡಿತ್ತು

ಇನ್ನೊಂದು ವಿಷಯ. ನಾವು ಬೆಂಗಳೂರಿನವರು "ಅವರೆಲ್ಲ ಉಳಿಸಿಕೊಳ್ತಾರೆ, ನಮಗೆ ಆ ಬುದ್ಧಿ ಇಲ್ಲ" ಅಂತ ಸುಲಭವಾಗಿ ಹೇಳಿಬಿಡ್ತೀವಿ. ಪೂರ್ತಿ ನಿಜ ಅಲ್ಲ.

ಎರಡನೇ ಮಹಾಯುದ್ಧ ಮುಗಿದಾಗ ಕಾನ್ಪುರದಲ್ಲಿ ಅಮೆರಿಕನ್ ನಿರ್ಮಿತ ಬಿ-24 ಲಿಬರೇಟರ್ ಬಾಂಬರ್‌ಗಳನ್ನ ಬ್ರಿಟಿಷರು ಬಿಟ್ಟು ಹೋದರು. ಮತ್ತೆ ಯಾರೂ ಹಾರಿಸಬಾರದು ಅಂತ ಕೆಡಿಸಿಯೇ ಹೋಗಿದ್ದರು. 1948ರಲ್ಲಿ ಎಚ್‌ಎಎಲ್‌ನವರು ಆ ರಾಶಿಯಿಂದ ಆರಿಸಿ, ಅಲ್ಲೇ ಹಾರುವಷ್ಟರ ಮಟ್ಟಿಗೆ ಸರಿ ಮಾಡಿ, ಒಂದೊಂದನ್ನೇ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಹಾರಿಸಿದ್ದು ಎಚ್‌ಎಎಲ್‌ನ ಪೈಲಟ್ ಜಮ್ಷೆಡ್ ಮುನ್ಷಿ. ಇಲ್ಲಿ ಪೂರ್ತಿ ರಿಪೇರಿ ಮಾಡಿ, ಸುಮಾರು 40 ವಿಮಾನ ವಾಯುಪಡೆಗೆ ಕೊಟ್ಟರು. 1968ರ ತನಕ ಹಾರಿದವು.

ಆಮೇಲೆ ಏನಾಯ್ತು? ಜಗತ್ತಿನ ಬೇರೆ ಕಡೆ ಹೆಚ್ಚಿನ ಲಿಬರೇಟರ್‌ಗಳು ಯುದ್ಧ ಮುಗಿಯುತ್ತಲೇ ಗುಜರಿಗೆ ಹೋಗಿದ್ದವು. ಮ್ಯೂಸಿಯಂಗಳು ಹುಡುಕಿಕೊಂಡು ಬಂದಿದ್ದು ಭಾರತಕ್ಕೆ. ಲಂಡನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂ, ಕೆನಡಾದ ಒಟ್ಟಾವಾ, ಅಮೆರಿಕದ ಅರಿಜೋನಾದ ಪೀಮಾ, ಇಲ್ಲೆಲ್ಲ ಇರೋ ಲಿಬರೇಟರ್‌ಗಳು ನಮ್ಮ ವಾಯುಪಡೆಯಿಂದ ಹೋದವು. ಬೆಂಗಳೂರಿನ ಕೈಗಳು ರಿಪೇರಿ ಮಾಡಿ ಎಬ್ಬಿಸಿ ನಿಲ್ಲಿಸಿದವು.

ಈಗ ನಮ್ಮಲ್ಲಿ ಎಚ್‌ಎಎಲ್ ಹೆರಿಟೇಜ್ ಸೆಂಟರ್ ಇದೆ, 2001ರಲ್ಲಿ ಶುರುವಾಗಿದ್ದು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳದಲ್ಲಿ ಮಾರುತ್ ಯುದ್ಧವಿಮಾನ ನಿಂತಿದೆ. ಜರ್ಮನಿಯ ಕುರ್ಟ್ ಟ್ಯಾಂಕ್ ಮುಂದಾಳತ್ವದಲ್ಲಿ ನಮ್ಮ ಊರಿನಲ್ಲೇ ವಿನ್ಯಾಸವಾಗಿ, 1961ರಲ್ಲಿ ಹಾರಿದ್ದು. ಅಲ್ಲಿ ಶಾಲಾ ಮಕ್ಕಳು ಸೆಲ್ಫಿ ತಗೊಂಡು ಮುಂದೆ ಹೋಗ್ತಾರೆ. ಲೋಹ ಹೇಗೋ ಉಳಿಯುತ್ತೆ. ಅದನ್ನ ಕೈಯಾರೆ ಮಾಡಿದವರ ನೆನಪು? ಅವರಲ್ಲಿ ಬದುಕಿರುವವರಿಗೆ ಈಗ ಎಂಬತ್ತು, ತೊಂಬತ್ತು. ವಿಮಾನಪುರ, ಮುರುಗೇಶಪಾಳ್ಯ, ಹಲಸೂರಿನ ಮನೆಗಳಲ್ಲಿ ಮಧ್ಯಾಹ್ನ ಟಿವಿ ಮುಂದೆ ಕೂತಿದ್ದಾರೆ.

ಅಜ್ಜಿಗೆ ಗೊತ್ತಿತ್ತು

ಯಜಮಾನರ ಪ್ರಶ್ನೆ ನನ್ನ ತಲೆಯಿಂದ ಹೋಗಿರಲಿಲ್ಲ. ತಾತನ ಟ್ರಂಕು ತೆಗೆದು ನೋಡಿದೆ. ಒಂದು ಸ್ಟೀಲ್ ಸ್ಕೇಲು, ಎರಡು ಉಳಿ, ಒಂದು ಸರ್ವಿಸ್ ಸರ್ಟಿಫಿಕೇಟು. ಅಂಟಿನ ಬಗ್ಗೆ ಒಂದು ಅಕ್ಷರ ಇಲ್ಲ.

ಅಜ್ಜಿಗೆ ಈಗ ಎಂಬತ್ತಾರು. ಸುಮ್ಮನೆ ಹೋಗಿ ಕೂತು ಕೇಳಿದೆ: "ಅಜ್ಜಿ, ತಾತ ಫ್ಯಾಕ್ಟರಿ ಕೆಲಸದ ಬಗ್ಗೆ ಏನಾದ್ರೂ ಹೇಳ್ತಿದ್ರಾ?"

ಅಜ್ಜಿ ಅವರೆಕಾಯಿ ಬಿಡಿಸುತ್ತಾ ಹೇಳಿದರು: "ಏನ್ ಹೇಳೋದು? ಕೈಯಲ್ಲಿ ಅಂಟು ಮೆತ್ಕೊಂಡು ಬರೋರು. ಸೀಗೇಪುಡಿ ಹಾಕಿ ತಿಕ್ಕಿದ್ರೂ ಹೋಗ್ತಿರ್ಲಿಲ್ಲ. ಮಳೆಗಾಲ ಬಂದ್ರೆ ಒಂದೇ ಗೊಣಗಾಟ. ಇವತ್ತೂ ಅಂಟು ಒಣಗ್ಲಿಲ್ಲ, ರೂಮು ಬೆಚ್ಚಗಿಡಬೇಕು, ನಾಳೆ ಬೆಳಗ್ಗೆ ತನಕ ಹಿಡಿಕೆ ಬಿಚ್ಚಂಗಿಲ್ಲ ಅಂತ. ನಿದ್ದೇಲೂ ಅದೇ. ಒಂದ್ಸಲ ನಾನೇ ಕೇಳ್ದೆ, ಅದೇನ್ರೀ ಅಷ್ಟೊಂದು ಮಾಡ್ತೀರಾ ಅಂತ. 'ಒಳಗೆ ಒಬ್ಬ ಹುಡುಗ ಕೂರ್ತಾನೆ ಕಣೆ' ಅಂದ್ರು."

ನಾನು ಫೋನಿನಲ್ಲಿ ರೆಕಾರ್ಡ್ ಆನ್ ಮಾಡಿದ್ದೆ. ಅವರೆಕಾಯಿ ಸಿಪ್ಪೆ ಸದ್ದಿನ ಜೊತೆ ಅದು ಹಾಗೇ ಇದೆ. ಇಂಗ್ಲಿಷಿನಲ್ಲಿ ಬರೆದು ಯಜಮಾನರಿಗೆ ಕಳಿಸಿದೆ. ಮಳೆಗಾಲ, ಬೆಚ್ಚಗಿನ ಕೋಣೆ, ಬೆಳಗ್ಗೆ ತನಕ ಬಿಚ್ಚಬಾರದು, ಎಲ್ಲ. ಅವರು ಅದನ್ನ ಪ್ರಿಂಟ್ ತೆಗೆದು ತಮ್ಮ ವ್ಯಾಂಪೈರ್‌ನ ಫೈಲಿನಲ್ಲಿ ಸೇರಿಸಿದ್ದಾರೆ. ಜೊತೆಗೆ ಇನ್ನೂ ಮೂರು ಪ್ರಶ್ನೆ ಕಳಿಸಿದ್ದಾರೆ. ಅಜ್ಜಿಗೆ ಒಂದಕ್ಕೆ ಉತ್ತರ ಗೊತ್ತಿತ್ತು. ಉಳಿದ ಎರಡು ತಾತನ ಜೊತೆ ಹೋದವು.

ಎಲ್ಲರೂ ಕಾಕ್‌ಪಿಟ್ ಕೊಳ್ಳಿ ಅಂತ ನಾನು ಹೇಳ್ತಿಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸ್ಕೂಟರ್ ನಿಲ್ಲಿಸೋಕೇ ಜಾಗ ಇಲ್ಲ. ಆದರೆ ನಿಮ್ಮ ಮನೆಯಲ್ಲಿ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಇಲ್ಲ ಯಾವುದೋ ಸಣ್ಣ ವರ್ಕ್‌ಶಾಪ್, ಎಲ್ಲಾದರೂ ಕೈ ಕೆಲಸ ಮಾಡಿದ ಹಿರಿಯರು ಇದ್ದರೆ, ಈ ಭಾನುವಾರ ಅವರ ಪಕ್ಕ ಕೂತುಕೊಳ್ಳಿ. "ಕೆಲಸ ಹೇಗಿತ್ತು" ಅಂತ ಕೇಳಬೇಡಿ, "ಚೆನ್ನಾಗಿತ್ತು" ಅಂತಾರೆ, ಮುಗೀತು. ಯಾವ ಅಂಟು, ಯಾವ ಉಳಿ, ಎಷ್ಟು ಹೊತ್ತು, ತಪ್ಪಾದರೆ ಏನ್ ಮಾಡ್ತಿದ್ರಿ ಅಂತ ಕೇಳಿ. ಫೋನಿನಲ್ಲಿ ರೆಕಾರ್ಡ್ ಒತ್ತಿ. ಅವರು ಹೇಳಿದ್ದು ನಂಬೋಕೆ ಆಗದೇ ಇದ್ದರೂ ನಗಬೇಡಿ.

ನಾನು ನಕ್ಕಿದ್ದೆ. ಅದನ್ನ ರಿಪೇರಿ ಮಾಡೋಕೆ ನನ್ನ ಹತ್ತಿರ ಈಗ ಮರವೂ ಇಲ್ಲ, ಅಂಟೂ ಇಲ್ಲ. ಈ ಸಂಚಿಕೆ ಇದೆ ಅಷ್ಟೆ.

ನಿಮ್ಮ ಮನೆಯ ರೆಕಾರ್ಡಿಂಗ್ ಇದ್ದರೆ ನನಗೂ ಕಳಿಸಿ, ಮುಂದೆ ಒಂದು ಸಂಚಿಕೆಯಲ್ಲಿ ಎಲ್ಲರಿಗೂ ಕೇಳಿಸೋಣ. ಮುಂದಿನ ವಾರ ಮತ್ತೆ ಲೆಕ್ಕಾಚಾರದ ವಿಷಯಕ್ಕೆ ಬರ್ತೀನಿ. ಅಲ್ಲಿವರೆಗೆ, ನಮಸ್ಕಾರ.